ಕಳಸದ ಹತ್ತಿರದ ನಮ್ಮ ತೊಟ್ಟಿ ಮನೆಯನ್ನು ಬುಟಿಕ್ ಸ್ಟೇ ಮಾಡಲು ಕೇಳುತ್ತಿದ್ದಾರೆ. ಕೊಡಬಹುದಾ?

ಭದ್ರೆ ದಂಡೆ (ಬಸವನಗುಡಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಪೂರ್ತಿ ಓದಿ ಹೇಳಿ.

ಕಳಸದ ಹತ್ತಿರ ನಮ್ಮದೊಂದು ಹಳೇ ಮನೆ ಇದೆ. ಭದ್ರಾ ಕಣಿವೆ. ಹಿಂದೆ ಗುಡ್ಡ, ಮುಂದೆ ಅಡಿಕೆ ತೋಟ, ಮೇಲಕ್ಕೆ ಸ್ವಲ್ಪ ಕಾಫಿ. ಮಧ್ಯೆ ತೊಟ್ಟಿ, ಸುತ್ತ ಪಡಸಾಲೆ, ಮೇಲೆ ಅಟ್ಟ. ಅಪ್ಪನಿಗೆ 76, ಅಮ್ಮನಿಗೆ ಮಂಡಿನೋವು. ಅಲ್ಲಿ ಇಬ್ಬರೇ ಇದ್ದಾರೆ. ನಾನೂ ತಮ್ಮನೂ ಬೆಂಗಳೂರಿನಲ್ಲಿ.

ಹೋದ ತಿಂಗಳು ಬೆಂಗಳೂರಿನ ಒಂದು ಕಂಪನಿಯವರು ಬಂದು ಮನೆ ನೋಡಿದರು. ಒಂಬತ್ತು ವರ್ಷದ ಲೀಸ್ ಕೇಳುತ್ತಿದ್ದಾರೆ. ಬಾಡಿಗೆ ಜೊತೆ ಲಾಭದಲ್ಲೂ ಪಾಲು ಕೊಡುತ್ತಾರಂತೆ. ರಿಪೇರಿ ಎಲ್ಲ ಅವರದೇ. ಅಪ್ಪ ಅಮ್ಮನಿಗೆ ತೋಟದ ಪಕ್ಕ ಎರಡು ರೂಮಿನ ಹೊಸ ಮನೆ ಕಟ್ಟಿಸಿಕೊಡುತ್ತಾರಂತೆ. ತಮ್ಮ ಒಪ್ಪಿದ್ದಾನೆ.

ಅವರ ನಕ್ಷೆ ನೋಡಿದೆ. ತೊಟ್ಟಿಯ ಮೇಲೆ ಗಾಜು. ಅಡಿಕೆ ಒಣಗಿಸುವ ಅಂಗಳದಲ್ಲಿ ಈಜುಕೊಳ. ಭತ್ತ ತುಂಬಿಡುತ್ತಿದ್ದ ಪಣತ ಒಡೆದು ಬಾತ್‌ರೂಮ್. ಹಳೇ ಅಡುಗೆಮನೆ ಜಾಗದಲ್ಲಿ ಲಾಂಜ್. ಅಡುಗೆಮನೆಯಲ್ಲಿ ಮಜ್ಜಿಗೆ ಕಡೆಯುವ ಕಂಬ ಒಂದಿದೆ. ಹಗ್ಗ ಉಜ್ಜಿ ಉಜ್ಜಿ ಅದರಲ್ಲಿ ಬೆರಳು ಕೂರುವಷ್ಟು ತಗ್ಗಾಗಿದೆ. ನಕ್ಷೆಯಲ್ಲಿ ಆ ಕಂಬದ ಮೇಲೆ ಕೆಂಪು ಗೀಟು ಹಾಕಿದ್ದಾರೆ. ತೆಗೆಯುವುದು ಅಂತ ಅರ್ಥ.

ಹಂಚಿನ ಹಿಂದೆ 1865 ಅಂತ ಅಚ್ಚಿದೆ. ಅಂದರೆ ಮನೆಗೆ ನೂರೈವತ್ತು ವರ್ಷ ದಾಟಿದೆ. ಕಂಪನಿಯವರಿಗೂ ಆ ಇಸವಿ ಬಹಳ ಇಷ್ಟವಾಗಿದೆ, ಸ್ಟೇ ಹೆಸರಿನಲ್ಲೇ ಹಾಕುತ್ತಾರಂತೆ.

ಯುಗಾದಿಯೊಳಗೆ ಉತ್ತರ ಕೊಡಬೇಕು. ಇಂಥದ್ದು ಮಾಡಿದವರು, ಇಂಥ ಕಡೆ ಉಳಿದವರು ಏನಂತೀರಿ?

ಜಯನಗರ ನಾಲ್ಕನೇ ಬ್ಲಾಕ್

ಕೊಡಬೇಡಿ. ಆ ಕಂಬದ ವಿಷಯ ಓದಿದ ಮೇಲೆ ಬೇರೇನೂ ಹೇಳಬೇಕು ಅನ್ನಿಸುತ್ತಿಲ್ಲ.

ಲೆಕ್ಕ ಪಕ್ಕಾ

ಕೊಡಬೇಡಿ ಅನ್ನುವುದು ಸುಲಭ ಸ್ವಾಮಿ. ನಮ್ಮ ಕಥೆ ಕೇಳಿ.

ಸಕಲೇಶಪುರದ ಹತ್ತಿರ ನಮ್ಮ ಅಜ್ಜನ ಮನೆ. ಅಜ್ಜಿ ತೀರಿಕೊಂಡ ಮೇಲೆ ಬೀಗ ಹಾಕಿದೆವು. ಕೊಡುವುದಕ್ಕೆ ಯಾರಿಗೂ ಮನಸ್ಸಿಲ್ಲ, ಅಲ್ಲಿ ಇರುವುದಕ್ಕೂ ಯಾರೂ ಇಲ್ಲ. ವರ್ಷಕ್ಕೊಮ್ಮೆ ಹೋಗಿ ದೀಪ ಹಚ್ಚಿ ಬರುತ್ತಿದ್ದೆವು. ಮೊದಲನೇ ಮಳೆಗಾಲ ನಾಲ್ಕು ಹಂಚು ಜಾರಿತು. ಎರಡನೇ ವರ್ಷ ಆ ಜಾಗದಲ್ಲಿ ರೀಪು ಕೊಳೆಯಿತು. ಮೂರನೇ ವರ್ಷ ಗೋಡೆ ನೀರು ಕುಡಿಯಿತು. ನಾಲ್ಕನೇ ಆಷಾಢದಲ್ಲಿ ಒಂದು ರಾತ್ರಿ ಅಟ್ಟ ಸಮೇತ ಒಂದು ಪಕ್ಕ ಕುಸಿದು ಕೂತಿತು. ಹಂಚು ಜಾರಿದ ದಿನವೇ ಏಣಿ ಹಾಕಿ ಸರಿ ಮಾಡಿದ್ದರೆ ಆಗುತ್ತಿತ್ತು. ಏಣಿ ಹಾಕಲು ಮನೆಯಲ್ಲಿ ಜನ ಇರಲಿಲ್ಲ, ಅಷ್ಟೇ.

ನಿಮ್ಮ ಅಪ್ಪ ಅಮ್ಮನ ಕಾಲ ಆದ ಮೇಲೆ ಏನು ಅಂತ ಯೋಚಿಸಿ. ಗಾಜು ಹಾಕಿದ ತೊಟ್ಟಿಯಾದರೂ ಇರುತ್ತೆ. ಕುಸಿದ ತೊಟ್ಟಿ ಇರಲ್ಲ.

ಹಂಚಿನ ಹುಡುಗಿ (ಮಂಗಳೂರು, ಈಗ ಯಲಹಂಕ)

ಒಂದು ತಿದ್ದುಪಡಿ, ಬೇಜಾರು ಮಾಡಿಕೊಳ್ಳಬೇಡಿ. 1865 ನಿಮ್ಮ ಮನೆಯ ಇಸವಿ ಅಲ್ಲ. ಆ ಹಂಚಿನದ್ದೂ ಅಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ 1865. ಆಮೇಲೆ ಎಷ್ಟೋ ವರ್ಷ ಮಾಡಿದ ಹಂಚಿಗೂ ಅದೇ ಇಸವಿಯ ಅಚ್ಚು ಹಾಕಿದ್ದಾರೆ. ನಮ್ಮ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ಚಿಕ್ಕಂದಿನಿಂದ ಕೇಳಿದ ವಿಷಯ ಇದು.

ಒಂದನೇ ಮಹಾಯುದ್ಧ ಆದ ಮೇಲೆ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ನಿಮ್ಮ ಹಂಚಿನಲ್ಲಿ ಮಿಷನ್ ಹೆಸರೂ ಇದ್ದರೆ ಅದು ಹೆಚ್ಚುಕಮ್ಮಿ ಅದಕ್ಕೆ ಮುಂಚಿನದು. ಆದರೆ ಗೋಡೆ, ಮುಂಡಿಗೆ (ಮರದ ಕಂಬ) ಅದಕ್ಕಿಂತ ಹಳೆಯದು ಇರಬಹುದು. ಮಂಗಳೂರು ಹಂಚು ಘಟ್ಟ ಹತ್ತುವ ಮೊದಲು ನಿಮ್ಮ ಕಡೆ ಸೋಗೆ, ಹುಲ್ಲು, ಇಲ್ಲವೇ ಕುಂಬಾರರು ಕೈಯಲ್ಲಿ ಮಾಡಿದ ನಾಡಹಂಚು ಹೊದಿಸುತ್ತಿದ್ದರು. ಅಟ್ಟ ಹತ್ತಿ ಹಳೇ ತೊಲೆ ನೋಡಿ. ರೀಪಿನ ಗುರುತು ಎರಡು ಥರ ಇದ್ದರೆ ಮಾಡು ಒಮ್ಮೆ ಬದಲಾಗಿದೆ ಅಂತ ಲೆಕ್ಕ.

ಭದ್ರೆ ದಂಡೆ

ಅಯ್ಯೋ, ನಾವು ಚಿಕ್ಕಂದಿನಿಂದ 1865 ಅಂತಲೇ ಹೇಳಿಕೊಂಡು ಬಂದಿದ್ದೇವೆ! ಈಗಷ್ಟೇ ಅಪ್ಪನಿಗೆ ಫೋನ್ ಮಾಡಿದೆ. ಅವರ ಅಜ್ಜಿ ಮದುವೆಯಾಗಿ ಬಂದಾಗ ಮನೆಗೆ ಸೋಗೆ ಇತ್ತಂತೆ, ಹಂಚು ಆಮೇಲೆ ಗಾಡಿಯಲ್ಲಿ ಬಂತಂತೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದರೆ "ನೀನು ಕೇಳಲಿಲ್ಲವಲ್ಲ" ಅಂದರು.

ಕಾಫಿ ಹೂವು (ಮೂಡಿಗೆರೆ)

ನಾನು, ನಮ್ಮನೆಯವರು 11 ವರ್ಷದಿಂದ ಹೋಂಸ್ಟೇ ನಡೆಸುತ್ತಿದ್ದೇವೆ. ಮಾವನವರು ಕಟ್ಟಿಸಿದ ಮನೆ, ನಾಲ್ಕು ರೂಮು. ಗೊತ್ತಿರುವುದನ್ನು ಹೇಳುತ್ತೇನೆ.

ಜನ ಹಳೇ ಮನೆಗೆ ಯಾಕೆ ಬರುತ್ತಾರೆ ಅಂತ ಮೊದಲು ನನಗೂ ಗೊತ್ತಿರಲಿಲ್ಲ. ಒಳ್ಳೆಯ ಬೆಡ್‌ಶೀಟು, ದೊಡ್ಡ ಟಿವಿ ಎಲ್ಲ ತಂದೆವು. ಒಂದು ಸಲ ಇಂದಿರಾನಗರದಿಂದ ಬಂದಿದ್ದ ಹುಡುಗಿ ಬೆಳಗ್ಗೆ ಆರಕ್ಕೆ ಎದ್ದು ಬಚ್ಚಲು ಒಲೆ ಮುಂದೆ ಕೂತುಬಿಟ್ಟಳು. ಅತ್ತೆ ಹಂಡೆಗೆ ಉರಿ ಹಾಕುತ್ತಿದ್ದರು. ಅಡಿಕೆ ಹಾಳೆ, ಒಣಗಿದ ಸೋಗೆ, ಕಾಫಿ ಕಡ್ಡಿ. ಇಬ್ಬರೂ ಒಂದು ಗಂಟೆ ಮಾತಾಡಿದರು. ಹೋಗುವಾಗ ಆ ಹುಡುಗಿ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ ಹೋದಳು. ಆವತ್ತು ಟಿವಿ ತೆಗೆಸಿದೆವು.

ಈಗ ನಿಮ್ಮ ಕಂಪನಿಯವರು ಮಾಡುವುದೇನು ನೋಡಿ. ಮನೆಯವರನ್ನು ಹೊರಗೆ ಕಳಿಸಿ, ಅಡುಗೆಮನೆ ತೆಗೆದು, ಖಾಲಿ ಮನೆಯಲ್ಲಿ ಅತಿಥಿಗಳನ್ನು ಕೂರಿಸುತ್ತಾರೆ. ಒಲೆ ಆರಿದ ಮೇಲೆ ಅಲ್ಲಿ ಉಳಿಯುವುದೇನು? ಗೋಡೆ ಮಾತ್ರ.

ಆದರೆ ಲೆಕ್ಕ ಪಕ್ಕಾ ಅವರ ಮಾತು ಸುಳ್ಳಲ್ಲ. ಹಳೇ ಮನೆ ತಿನ್ನುವ ದುಡ್ಡು ತೋಟದಿಂದ ಬರಲ್ಲ. ನಮ್ಮ ಹಂಚು, ತೊಲೆ, ಸುಣ್ಣ ಎಲ್ಲ ಅತಿಥಿಗಳ ದುಡ್ಡಿನಲ್ಲೇ ಆಗಿದ್ದು. ಎರಡೇ ರೂಮಿನಿಂದ ನೀವೇ ಶುರು ಮಾಡಿ. ಮಳೆಗಾಲ ಪೂರ್ತಿ ನಡೆಸಬೇಕು ಅಂತಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಆ ವಾಸನೆಗೇ ಜನ ಬರುತ್ತಾರೆ.

ರಾಜಾಜಿನಗರ ರೈಡರ್

ಅಕ್ಕಾ, ನಿಮ್ಮ ಹೋಂಸ್ಟೇ ಹೆಸರು ಹೇಳಿ!

ಕಾಫಿ ಹೂವು (ಮೂಡಿಗೆರೆ)

ಇಲ್ಲಿ ಜಾಹೀರಾತು ಬೇಡಪ್ಪ. ಇದು ಅವರ ಮನೆ ವಿಷಯ.

ಪಾರ್ಟಿಷನ್ ಡೀಡ್

ಎಲ್ಲರೂ ಗಾಜು, ಕಂಬ ಅಂತಿದ್ದೀರಿ. ನಾನು ವಕೀಲ, ನನ್ನ ಪ್ರಶ್ನೆ ಬೇರೆ. ಖಾತೆ ಯಾರ ಹೆಸರಿನಲ್ಲಿದೆ? ಅಜ್ಜನ ಆಸ್ತಿಯಾದರೆ ವಿಭಾಗ ಆಗಿದೆಯಾ? ನಿಮಗೆ ಸೋದರತ್ತೆಯರು ಇದ್ದಾರಾ? ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಇದೆ. ನೀವು ಅಣ್ಣ ತಮ್ಮ ಕೂತು ಒಪ್ಪಿಕೊಂಡರೆ ಆಗಲ್ಲ.

ಇನ್ನೆರಡು ಮಾತು. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ರಿಜಿಸ್ಟರ್ ಆಗಲೇಬೇಕು. ಬಾಂಡ್ ಪೇಪರಿನಲ್ಲಿ ಸಹಿ ಹಾಕಿ ಸುಮ್ನೆ ಇರಬೇಡಿ. ಮತ್ತೆ ಆ ಅಂಗಳ, ಹೊಸ ಮನೆ ಕಟ್ಟುವ ಜಾಗ ಪಹಣಿಯಲ್ಲಿ ಕೃಷಿ ಜಮೀನು ಅಂತಿದ್ದರೆ ಭೂ ಪರಿವರ್ತನೆ ಆಗದೆ ವ್ಯಾಪಾರಕ್ಕೆ ಬಳಸುವಂತಿಲ್ಲ. ನೋಟಿಸ್ ಬರುವುದು ಕಂಪನಿಗಲ್ಲ, ಜಮೀನಿನ ಮಾಲೀಕರಿಗೆ.

ಲೀಸ್ ಮುಗಿದ ದಿನ ಮನೆ ಯಾವ ಸ್ಥಿತಿಯಲ್ಲಿ ವಾಪಸ್ ಕೊಡಬೇಕು ಅಂತ ಬರೆದಿದ್ದಾರಾ? ಅದನ್ನು ಮೊದಲು ನೋಡಿ.

ಭದ್ರೆ ದಂಡೆ

ಸರ್, ಇಬ್ಬರು ಅತ್ತೆಯರಿದ್ದಾರೆ. ಒಬ್ಬರು ದಾವಣಗೆರೆ, ಒಬ್ಬರು ಇಲ್ಲೇ ವಿಜಯನಗರದಲ್ಲಿ. ನಿಜ ಹೇಳಬೇಕೆಂದರೆ ಅವರನ್ನು ಕೇಳಬೇಕು ಅಂತ ನಮಗೆ ಹೊಳೆದೇ ಇರಲಿಲ್ಲ. ತಪ್ಪಾಯಿತು. ವಾಪಸ್ ಕೊಡುವ ಬಗ್ಗೆ ಕಂಪನಿಯವರ ಕಾಗದದಲ್ಲಿ ಒಂದು ಸಾಲೂ ಇಲ್ಲ.

ಕಕ್ಕಬ್ಬೆ ಕಾಡು (ಕೊಡಗು, ಈಗ ವಸಂತನಗರ)

ನಮ್ಮ ಕಡೆ ಒಂದು ರೀತಿ ಇದೆ, ಹೇಳುತ್ತೇನೆ. ಐನ್‌ಮನೆ, ಅಂದರೆ ಮನೆತನದ ಮೂಲಮನೆ, ಒಕ್ಕಕ್ಕೆ (ಇಡೀ ಮನೆತನಕ್ಕೆ) ಸೇರಿದ್ದು, ಯಾರೊಬ್ಬರದ್ದೂ ಅಲ್ಲ. ಅದರ ನಡುಮನೆ, ನೆಲ್ಲಕ್ಕಿ ನಡುಬಾಡೆಯಲ್ಲಿ, ದೀಪ ಹಚ್ಚುತ್ತೇವೆ. ಕೈಲ್ ಪೊಳ್ದ್, ಪುತ್ತರಿ ಹಬ್ಬಗಳಿಗೆ ಎಲ್ಲರೂ ಅಲ್ಲಿ ಸೇರುತ್ತೇವೆ. ಅದನ್ನು ಬಾಡಿಗೆಗೆ ಕೊಡುವ ಮಾತೇ ನಮ್ಮ ಒಕ್ಕದಲ್ಲಿ ಬರಲ್ಲ. ಹೋಂಸ್ಟೇ ಮಾಡುವವರು ತೋಟದ ಬಂಗಲೆಯಲ್ಲಿ ಮಾಡುತ್ತಾರೆ, ಇಲ್ಲ ಪಕ್ಕದಲ್ಲಿ ಬೇರೆ ಕಟ್ಟುತ್ತಾರೆ.

ಪೊಲ್ಲಿಬೆಟ್ಟದ ಕಡೆ ಬ್ರಿಟಿಷ್ ಪ್ಲಾಂಟರ್‌ಗಳ ಹಳೇ ಬಂಗಲೆಗಳನ್ನು ಸ್ಟೇ ಮಾಡಿದ್ದಾರೆ, ಚೆನ್ನಾಗಿಯೇ ಇಟ್ಟಿದ್ದಾರೆ. ಕೊಡಗಿಗೆ ಯುರೋಪಿಯನ್ನರ ಕಾಫಿ ತೋಟ ಬಂದಿದ್ದು 1854ರಲ್ಲಿ, ಬಂಗಲೆಗಳೆಲ್ಲ ಅದರ ನಂತರದವು. ಬಂಗಲೆಗೆ ಅತಿಥಿ ಬಂದರೆ ಏನೂ ತಪ್ಪಲ್ಲ. ಅದನ್ನು ಕಟ್ಟಿದ್ದೇ ಬಂದು ಹೋಗುವ ದೊರೆಗಳಿಗೆ. ದೇವರಕೋಣೆ ಇರುವ ಮನೆ ಬೇರೆ.

ಲೆಕ್ಕ ಪಕ್ಕಾ

ಒಪ್ಪಲ್ಲ. ನಿಮ್ಮ ಒಕ್ಕದಲ್ಲಿ ನೂರು ಜನ ಇದ್ದೀರಿ, ನೂರು ಜನ ಸೇರಿ ಮಾಡು ಹೊದಿಸುತ್ತೀರಿ. ಇಲ್ಲಿ ಇಬ್ಬರು ಗಂಡುಮಕ್ಕಳು, ಅವರೂ ಬೆಂಗಳೂರಿನಲ್ಲಿ.

ಕಕ್ಕಬ್ಬೆ ಕಾಡು

ಇಬ್ಬರು ಅತ್ತೆಯರನ್ನೂ ಸೇರಿಸಿ. ಅವರ ಮಕ್ಕಳನ್ನೂ ಸೇರಿಸಿ. ಎಷ್ಟಾಯಿತು ನೋಡಿ.

ಊಟಿ ಪ್ರತಿ ವರ್ಷ

ಹಳೇ ಕಟ್ಟಡಕ್ಕೆ ಅತಿಥಿ ಬಂದರೆ ಹಾಳಾಗುತ್ತೆ ಅನ್ನುವವರು ಊಟಿಗೆ ಹೋಗಿ ನೋಡಿ. ಸವಾಯ್ ಹೋಟೆಲ್ ಇರುವ ಕಟ್ಟಡ 1829ರದ್ದು. ನಮ್ಮ ಮೈಸೂರು ಮಹಾರಾಜರ ಫರ್ನ್‌ಹಿಲ್ ಅರಮನೆ 1844ರದ್ದು. ಕೂನೂರಿನಲ್ಲಿ ಎಷ್ಟೊಂದು ಬಂಗಲೆಗಳಿವೆ. ಅತಿಥಿಗಳು ಬಂದಿದ್ದಕ್ಕೇ ಅವು ಉಳಿದವು.

ರಾಜಾಜಿನಗರ ರೈಡರ್

ಊಟಿಗೆ ಈಗ ಇ-ಪಾಸ್ ಬೇಕಲ್ವಾ?

ಊಟಿ ಪ್ರತಿ ವರ್ಷ

ಹೌದು, ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ ತಿಂಗಳಲ್ಲಿ ಶುರುವಾಯಿತು. ಬೈಕಿಗೂ ಮಾಡಿಸಿಕೊಂಡೇ ಹೊರಡಿ. ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಗೇಟ್ ಹಾಕಿರುತ್ತಾರೆ, ಅದೂ ನೆನಪಿರಲಿ. ಪ್ಲಾಸ್ಟಿಕ್ ಬಾಟಲಿ ತಗೊಂಡು ಹೋಗಬೇಡಿ, ಚೆಕ್‌ಪೋಸ್ಟಿನಲ್ಲಿ ಇಳಿಸುತ್ತಾರೆ.

ಹಂಡೆ ನೀರು

ಊಟಿ ಉದಾಹರಣೆ ಇಲ್ಲಿಗೆ ಹೊಂದಲ್ಲ. ಅರಮನೆ, ದೊಡ್ಡ ಹೋಟೆಲ್‌ಗಳಲ್ಲಿ ನೂರು ಜನ ಕೆಲಸಕ್ಕಿರುತ್ತಾರೆ. ನಾವು ಮಾತಾಡುತ್ತಿರುವುದು ಒಂದು ಸಂಸಾರದ ಮನೆ.

ನಿವೃತ್ತ ಇಂಜಿನಿಯರ್ (ಮಲ್ಲೇಶ್ವರ)

ಹಳೇ ವಸತಿ ಅಂದಾಗ ಎಲ್ಲರೂ ಅರಮನೆ, ಬಂಗಲೆ ಅಂತೀರಿ. ನಮ್ಮ ಲೋಕೋಪಯೋಗಿ ಇಲಾಖೆಯ ಐಬಿಗಳನ್ನು (ಇನ್‌ಸ್ಪೆಕ್ಷನ್ ಬಂಗಲೆ) ಮರೆತುಬಿಟ್ಟಿರಾ? ನನ್ನ ಅರ್ಧ ನೌಕರಿ ಅವುಗಳಲ್ಲೇ ಕಳೆಯಿತು.

ಟಪಾಲು ಹೋಗುವ ದಾರಿಯಲ್ಲಿ ಅಧಿಕಾರಿಗಳು ಇಳಿದುಕೊಳ್ಳಲು ಕಟ್ಟಿದ್ದು ಡಾಕ್ ಬಂಗಲೆ. ನಮ್ಮಲ್ಲಿ ಪ್ರವಾಸಿ ಮಂದಿರ, ಪರಿವೀಕ್ಷಣಾ ಮಂದಿರ ಅಂತ ಎರಡು ಹೆಸರು. ಊರ ಹೊರಗೆ ಎತ್ತರದಲ್ಲಿ ಇರುತ್ತಿತ್ತು. ಸುತ್ತ ವರಾಂಡ, ದಪ್ಪ ಗೋಡೆ, ಎತ್ತರದ ಚಾವಣಿ, ಎರಡು ಸೂಟು, ಹಿಂದೆ ಪ್ರತ್ಯೇಕ ಅಡುಗೆಮನೆ. ಮಲೆನಾಡಿನ ಒಂದು ಐಬಿಯಲ್ಲಿದ್ದ ಮೇಟಿಯವರು (ಅಡುಗೆ, ಉಸ್ತುವಾರಿ ನೋಡಿಕೊಳ್ಳುವವರು) ಕೋಳಿ ಸಾರಿಗೆ ಮೆಣಸು ಅರೆಯುವ ಸದ್ದು ಈಗಲೂ ಕಿವಿಯಲ್ಲಿದೆ. ರಾತ್ರಿ ಎಷ್ಟು ಹೊತ್ತಿಗೆ ಹೋದರೂ ಲಾಂದ್ರ ಹಿಡಿದು ಬರುತ್ತಿದ್ದರು. ಅವರ ತಂದೆಯೂ ಅಲ್ಲೇ ಮೇಟಿಯಾಗಿದ್ದವರು.

ಅವರು ನಿವೃತ್ತರಾದರು. ಆ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಎರಡು ವರ್ಷ ಕಳೆದು ಹೋದಾಗ ವರಾಂಡದ ಕುರ್ಚಿಗಳಿಲ್ಲ, ಒಲೆಯಲ್ಲಿ ಬೂದಿ ಗಟ್ಟಿಯಾಗಿತ್ತು, ಹಾಸಿಗೆ ಬೂಸ್ಟು ಹಿಡಿದಿತ್ತು. ಕಟ್ಟಡ ಮಾತ್ರ ಗಟ್ಟಿಯಾಗಿಯೇ ಇತ್ತು. ಕಾಫಿ ಹೂವು ಅವರು ಹೇಳಿದ ಒಲೆಯ ಮಾತು ಓದಿ ಅದೇ ನೆನಪಾಯಿತು.

ನಂದಿ ಬೆಳಗು

ಸರ್, ನಂದಿ ಬೆಟ್ಟದ ಕಬ್ಬನ್ ಬಂಗಲೆಯೂ ಅದೇ ಥರ ಅಲ್ವಾ?

ನಿವೃತ್ತ ಇಂಜಿನಿಯರ್ (ಮಲ್ಲೇಶ್ವರ)

ಅದು ಐಬಿ ಅಲ್ಲ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದರು, ಬೇಸಿಗೆಗೆ ಅಲ್ಲಿಗೆ ಹೋಗುತ್ತಿದ್ದರು. ಗಾಂಧೀಜಿಯವರು 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿಯಲ್ಲಿ ಉಳಿದಿದ್ದರು, 1936ರಲ್ಲಿ ಮತ್ತೆ ಬಂದರು. ಅಂಥ ಜಾಗ 60 ಕಿಲೋಮೀಟರ್ ದೂರದಲ್ಲಿದೆ, ನಮ್ಮ ಜನ ಸೂರ್ಯೋದಯದ ಫೋಟೊ ತೆಗೆದು ವಾಪಸ್ ಬರುತ್ತಾರೆ. ನನಗೆ ನಿಜವಾಗಲೂ ಸಂಕಟ ಆಗುತ್ತದೆ.

ಶೇಷಾದ್ರಿಪುರಂ ಸೊಸೆ

ನಾನು ಉಳಿಯುವವರ ಕಡೆಯಿಂದ ಮಾತಾಡುತ್ತೇನೆ. ಹೋದ ವರ್ಷ ಅತ್ತೆ ಮಾವನನ್ನು ಕರೆದುಕೊಂಡು ಒಂದು ಹಳೇ ಮನೆ ಸ್ಟೇಗೆ ಹೋಗಿದ್ದೆವು. ಮನೆ ಬಹಳ ಚೆಂದ. ಬಚ್ಚಲು ಮಾತ್ರ ಹೊರಗೆ, ಮೂರು ಮೆಟ್ಟಿಲು ಇಳಿದು ಹೋಗಬೇಕು. ಮಾವನಿಗೆ ರಾತ್ರಿ ನಾಲ್ಕು ಸಲ ಏಳಬೇಕು. ಮಳೆ ಬೇರೆ. ಎರಡು ದಿನ ಅವರು ಸಂಜೆ ಆರರ ಮೇಲೆ ನೀರೇ ಕುಡಿಯಲಿಲ್ಲ. ಇದನ್ನು ನಾನು ವಾಪಸ್ ಬಂದ ಮೇಲೆ ತಿಳಿದುಕೊಂಡೆ.

ಹಳೇದು ಹಾಗೇ ಇರಬೇಕು ಅನ್ನುವವರು ಇದನ್ನೂ ಯೋಚಿಸಿ. ರೂಮಿಗೊಂದು ಬಾತ್‌ರೂಮ್, ಹಿಡಿದುಕೊಳ್ಳಲು ಒಂದು ಕಂಬಿ, ಜಾರದ ನೆಲ ಕೇಳುವುದು ಶೋಕಿ ಅಲ್ಲ. ಮೂಲ ಪೋಸ್ಟ್ ಹಾಕಿದವರ ಅಮ್ಮನಿಗೂ ಮಂಡಿನೋವು ಅಂದರಲ್ಲ. ಅವರೂ ದಿನಾ ಹೊರಗಿನ ಬಚ್ಚಲಿಗೇ ಹೋಗುತ್ತಿದ್ದಾರಾ?

ಭದ್ರೆ ದಂಡೆ

ಹೌದು ಮೇಡಂ. ಹೊರಗೇ ಇದೆ. ಅಮ್ಮ ಒಂದು ದಿನವೂ ಕಷ್ಟ ಅಂತ ಹೇಳಿಲ್ಲ, ನಾವೂ ಕೇಳಿಲ್ಲ.

ಸುಣ್ಣ ಬೆಲ್ಲ

ಹಳೇ ಕಟ್ಟಡಗಳ ದುರಸ್ತಿ ಕೆಲಸ ಮಾಡುವ ಆರ್ಕಿಟೆಕ್ಟ್ ನಾನು. ಶೇಷಾದ್ರಿಪುರಂ ಸೊಸೆ ಅವರ ಮಾತು ನೂರಕ್ಕೆ ನೂರು ಸರಿ. ಬಾತ್‌ರೂಮ್ ಬೇಕೇ ಬೇಕು. ಎಲ್ಲಿ ಹಾಕುತ್ತೀರಿ ಅನ್ನುವುದೇ ಪ್ರಶ್ನೆ. ಪಣತ ಇರುವುದು ಮನೆಯ ಮಧ್ಯಭಾಗದಲ್ಲಿ, ಅಲ್ಲಿ ಮಣ್ಣಿನ ಗೋಡೆ ಇರುತ್ತದೆ. ಅಲ್ಲಿಗೆ ಪೈಪು ಎಳೆದರೆ ಒಂದು ದಿನ ಸೋರಿಯೇ ಸೋರುತ್ತದೆ. ಮಣ್ಣಿನ ಗೋಡೆ ಬುಡದಲ್ಲಿ ಒದ್ದೆಯಾದರೆ ಗೆದ್ದಲು ಬರಲು ಒಂದೇ ಮಳೆಗಾಲ ಸಾಕು. ಹಳೇ ಕೊಟ್ಟಿಗೆ ಇದ್ದರೆ, ಅದು ಮನೆಗೆ ತಾಗಿದ್ದರೆ, ಬಾತ್‌ರೂಮಿಗೆ ಅದೇ ಸರಿಯಾದ ಜಾಗ. ಒಳಗಿನಿಂದ ಒಂದು ಬಾಗಿಲು ಇಟ್ಟರೆ ಮುಗಿಯಿತು.

ಗಾಜಿನ ವಿಷಯ. ತೊಟ್ಟಿ ಇರುವುದು ಬೆಳಕಿಗೆ ಮಾತ್ರ ಅಲ್ಲ. ಮನೆಯ ಬಿಸಿ ಗಾಳಿ, ಹೊಗೆ, ತೇವ ಎಲ್ಲ ಅಲ್ಲಿಂದಲೇ ಮೇಲಕ್ಕೆ ಹೋಗುತ್ತದೆ. ಅದರ ಮೇಲೆ ಗಾಜು ಮುಚ್ಚಿದರೆ ಮಲೆನಾಡಿನ ಮಳೆಗಾಲದಲ್ಲಿ ಒಳಗಿನ ಬಟ್ಟೆ ಒಣಗಲ್ಲ, ಗೋಡೆಗೆ ಬೂಸ್ಟು ಬರುತ್ತದೆ. ಆಮೇಲೆ ಎಸಿ ಹಾಕಬೇಕು ಅಂತಾರೆ.

ಒಲೆ ಬಗ್ಗೆ ನನ್ನ ಕಡೆಯಿಂದ ಇಷ್ಟು. ಒಲೆಯ ಹೊಗೆ ಅಟ್ಟದ ಮರಕ್ಕೆ ಔಷಧಿ. ದಿನಾ ಹೊಗೆ ತಿಂದ ತೊಲೆಗೆ ಹುಳ ಬೀಳುವುದು ಕಡಿಮೆ. ಗ್ಯಾಸ್ ಬಂದ ಮೇಲೆ ಹಳೇ ಮನೆಗಳ ಮಾಡು ಬೇಗ ಹಾಳಾಗಿದ್ದು ನಾನು ಕಣ್ಣಾರೆ ನೋಡಿದ್ದೇನೆ. ಬಚ್ಚಲು ಒಲೆಯಾದರೂ ಉರಿಯುತ್ತಿರಲಿ.

ಗೋಡೆಗೆ ಸಿಮೆಂಟ್ ಬಳಿಸಲೇಬೇಡಿ. ಸುಣ್ಣ ಗಾಳಿಯಾಡುತ್ತದೆ, ಸಿಮೆಂಟ್ ನೀರನ್ನು ಒಳಗೇ ಹಿಡಿದಿಡುತ್ತದೆ. ಹೊರಗಿಂದ ಹೊಸದಾಗಿ ಕಾಣುತ್ತಿರುತ್ತದೆ, ಒಳಗೆ ಮಣ್ಣು ಕರಗುತ್ತಿರುತ್ತದೆ. ಮರಕ್ಕೆ ಹೊಳಪಿನ ಪಾಲಿಶ್ ಬೇಡ, ಗೇರೆಣ್ಣೆ ಸಾಕು.

ಕಕ್ಕಬ್ಬೆ ಕಾಡು

ಈಜುಕೊಳದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಹಿಂದೆ ಗುಡ್ಡ ಇದೆ ಅಂದಿರಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಜಾರಿದಾಗ ನನ್ನ ಚಿಕ್ಕಪ್ಪನ ಗದ್ದೆ ಪೂರ್ತಿ ಕೆಸರಿನಡಿ ಹೋಯಿತು. ಗುಡ್ಡದ ಬುಡ ಕಡಿದು ರಸ್ತೆ, ಕಟ್ಟಡ ಮಾಡಿದ್ದೂ ಕಾರಣ ಅಂತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ವರದಿ ಕೊಟ್ಟರು. ಮರು ವರ್ಷ, 2019ರಲ್ಲಿ, ನಿಮ್ಮ ಮೂಡಿಗೆರೆ ಕಡೆಯೂ ಹಾಗೇ ಆಯಿತು. ಅಂಗಳ ಅಗೆದು ಅಷ್ಟು ನೀರು ನಿಲ್ಲಿಸುವ ಮೊದಲು ನೂರು ಸಲ ಯೋಚಿಸಿ. ಪಕ್ಕದಲ್ಲಿ ಭದ್ರೆ ಹರಿಯುತ್ತಿರುವಾಗ ಕೊಳ ಯಾಕೆ ಬೇಕು?

ಲೆಕ್ಕ ಪಕ್ಕಾ

ಇದನ್ನು ಒಪ್ಪುತ್ತೇನೆ. ಕೊಳ ಬೇಡ.

ರಾಜಾಜಿನಗರ ರೈಡರ್

ನನ್ನದೊಂದು ಮಾತು. ದಯವಿಟ್ಟು ಡಿಜೆ, ಕ್ಯಾಂಪ್‌ಫೈರ್ ಇಡಬೇಡಿ. ನಾವು ಹುಡುಗರೇ ಮೊದಲು ಅದಕ್ಕೇ ಹೋಗುತ್ತಿದ್ದೆವು. ಚಿಕ್ಕಮಗಳೂರಿನ ಕಡೆ ಒಂದು ರಾತ್ರಿ ಹಾಡು ಹಾಕಿ ಕುಣಿಯುತ್ತಿದ್ದಾಗ ಪಕ್ಕದ ತೋಟದ ಕಾರ್ಮಿಕರ ಲೈನ್ ಮನೆಯಿಂದ ಒಬ್ಬ ತಾಯಿ ಮಗು ಎತ್ತಿಕೊಂಡು ಬಂದರು. ಮಗುವಿಗೆ ಜ್ವರ, ನಿದ್ದೆ ಮಾಡುತ್ತಿಲ್ಲ ಅಂದರು. ಆವತ್ತಿನಿಂದ ನಾನು ಸ್ಪೀಕರ್ ತಗೊಂಡು ಹೋಗಿಲ್ಲ.

ಹಂಡೆ ನೀರು

ತಮ್ಮಾ, ಒಳ್ಳೆಯ ಮಾತು ಬರೆದೆ.

ನಂದಿ ಬೆಳಗು

ಉಂಬಳದ (ಜಿಗಣೆ) ಬಗ್ಗೆಯೂ ಮೊದಲೇ ಹೇಳಿ ಕರೆಯಿರಿ. ನಮ್ಮ ಆಫೀಸಿನವರು ಜುಲೈನಲ್ಲಿ ಹೋಗಿ ಕಾಲು ನೋಡಿಕೊಂಡು ಅರ್ಧ ದಿನಕ್ಕೇ ವಾಪಸ್ ಬಂದರು. ಸುಣ್ಣ, ಹೊಗೆಸೊಪ್ಪು ಕಟ್ಟಿಕೊಳ್ಳಬೇಕು ಅಂತ ಯಾರೂ ಹೇಳಿರಲಿಲ್ಲವಂತೆ.

ಸಿಟಿ ಮಾರ್ಕೆಟ್ ಹಳಬ

ಅತಿಥಿ ಇಳಿಸುವುದು ಇಂಗ್ಲಿಷರು ಕಲಿಸಿದ್ದು ಅನ್ನುವ ಹಾಗೆ ಮಾತು ಹೋಗುತ್ತಿದೆ. ನಮ್ಮಲ್ಲಿ ಛತ್ರ ಇರಲಿಲ್ಲವೇ? ಮೆಜೆಸ್ಟಿಕ್ ಹತ್ತಿರದ ಗುಬ್ಬಿ ತೋಟದಪ್ಪನವರ ಛತ್ರ 1897ರದ್ದು. ಊರಿಂದ ರೈಲು ಇಳಿದು ಬಂದ ಎಷ್ಟು ಜನ ಅಲ್ಲಿ ಮಲಗಿ ಎದ್ದಿದ್ದಾರೆ! ಅದಕ್ಕೆ ಹತ್ತು ವರ್ಷ ಮೊದಲು, 1887ರಲ್ಲಿ, ಇದೇ ಊರಿನಲ್ಲಿ ಬ್ರಾನ್ಸನ್ ಅನ್ನುವ ಹೆಂಗಸು ಹತ್ತು ರೂಮಿನ ಬೋರ್ಡಿಂಗ್ ಮನೆ ಇಟ್ಟರು. ಅದೇ ಈಗಿನ ವೆಸ್ಟ್ ಎಂಡ್. ಒಂದು ದುಡ್ಡಿನವರಿಗೆ, ಒಂದು ದುಡ್ಡಿಲ್ಲದವರಿಗೆ. ಎರಡೂ ಉಳಿದಿವೆ.

ನಮ್ಮಪ್ಪ ಹಾಸನದಿಂದ ಕೆಲಸ ಹುಡುಕಿಕೊಂಡು ಬಂದಾಗ ಮೊದಲ ರಾತ್ರಿ ಮಲಗಿದ್ದು ಆ ಛತ್ರದಲ್ಲೇ.

ಕಾಫಿ ಹೂವು (ಮೂಡಿಗೆರೆ)

ಭದ್ರೆ ದಂಡೆ ಅವರೇ, ಎರಡು ರೂಮು ಮಾಡುವುದಾದರೆ ಪಂಚಾಯಿತಿ ಮತ್ತು ಪೊಲೀಸ್ ಠಾಣೆಯಿಂದ ಆಕ್ಷೇಪಣೆ ಇಲ್ಲ ಅಂತ ಪತ್ರ ತಗೊಂಡು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ವಿದೇಶದವರು ಉಳಿದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಕಳಿಸಬೇಕು. ಊಟಕ್ಕೆ ಹೊಸದೇನೂ ಬೇಡ. ಅಮ್ಮ ದಿನಾ ಮಾಡುವುದೇ ಸಾಕು. ಕಡುಬು, ಅಕ್ಕಿ ರೊಟ್ಟಿ, ಒಂದೆಲಗದ ತಂಬುಳಿ, ಮಳೆ ಶುರುವಾದರೆ ಪತ್ರೊಡೆ. ಆದರೆ ಅಮ್ಮನೊಬ್ಬರೇ ಮಾಡುವಂತಾಗಬಾರದು. ಕೈಗೆ ಒಬ್ಬರನ್ನು ಇಟ್ಟು, ಅವರಿಗೆ ಒಳ್ಳೆಯ ಸಂಬಳ ಕೊಟ್ಟು ಆಮೇಲೆ ಶುರು ಮಾಡಿ. ಇದನ್ನು ನಾನು ಅತ್ತೆಯ ಸೊಂಟ ಹೋದ ಮೇಲೆ ಕಲಿತೆ.

ಭದ್ರೆ ದಂಡೆ

(ಮೂರು ವಾರದ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರೂ ಊರಿಗೆ ಹೋಗಿದ್ದೆವು. ಇಬ್ಬರು ಅತ್ತೆಯರೂ ಬಂದಿದ್ದರು. ದಾವಣಗೆರೆ ಅತ್ತೆ ಹದಿನೆಂಟು ವರ್ಷದ ಮೇಲೆ ಆ ಮನೆಯಲ್ಲಿ ರಾತ್ರಿ ಮಲಗಿದ್ದು.

ನಕ್ಷೆ ಜಗುಲಿ ಮೇಲೆ ಹರಡಿ ಎಲ್ಲರಿಗೂ ತೋರಿಸಿದೆವು. ಅಪ್ಪ ಏನೂ ಮಾತಾಡಲಿಲ್ಲ. ವಿಜಯನಗರದ ಅತ್ತೆ ಕಡೆಯುವ ಕಂಬದ ಮೇಲಿನ ಕೆಂಪು ಗೀಟು ನೋಡಿ ಎದ್ದು ಅಡುಗೆಮನೆಗೆ ಹೋದರು. ಕಂಬದಲ್ಲಿ ತಗ್ಗು ಎರಡಿವೆಯಂತೆ. ಮೇಲಿನದು ಅವರ ಅಮ್ಮ ನಿಂತು ಕಡೆಯುತ್ತಿದ್ದದ್ದು. ಕೆಳಗಿನದು ಇವರು ಅಕ್ಕ ತಂಗಿ ಕೂತು ಕಡೆಯುತ್ತಿದ್ದದ್ದು. ನಾನು ಇಷ್ಟು ವರ್ಷ ಒಂದನ್ನೇ ನೋಡಿದ್ದೆ.

ಸದ್ಯಕ್ಕೆ ಲೀಸ್ ಕೊಡುತ್ತಿಲ್ಲ. ತಮ್ಮನಿಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ. ಎರಡು ವರ್ಷ ನೋಡೋಣ ಅಂದಿದ್ದಾನೆ, ಅವನ ಮಾತಿನಲ್ಲೂ ನ್ಯಾಯ ಇದೆ. ಕೊಟ್ಟಿಗೆ ಕಡೆ ಬಾತ್‌ರೂಮ್ ಮೊದಲು ಆಗುತ್ತದೆ. ಅದು ಅಮ್ಮನಿಗೆ. ಆಮೇಲೆ ಮೇಲಿನ ಎರಡು ರೂಮು. ಅತ್ತೆಯ ಮಗಳು ಕೆಲಸ ಬಿಟ್ಟು ಊರಲ್ಲಿರುವ ಯೋಚನೆಯಲ್ಲಿದ್ದಳಂತೆ, ನಡೆಸಿಕೊಡುತ್ತೇನೆ ಅಂದಳು. ನಮಗ್ಯಾರಿಗೂ ಗೊತ್ತಿರಲಿಲ್ಲ.

ಮೊದಲು ಮಾಡು. ಮಳೆಗೆ ಮುಂಚೆ ಹಂಚು ಪೂರ್ತಿ ಕೈಯಾಡಿಸಬೇಕು, ಒಡೆದದ್ದು ಬದಲಿಸಬೇಕು. ಹಂಚಿನ ಕೆಲಸದವರು ಮುಂದಿನ ವಾರ ಬರುತ್ತೇವೆ ಅಂದಿದ್ದಾರೆ. ಆದರೆ ಆ ಹಳೇ ಅಳತೆಯ ಹಂಚು ಈಗ ಅಂಗಡಿಯಲ್ಲಿ ಸಿಗುತ್ತಿಲ್ಲ. ಸುಮಾರು 400 ಬೇಕಾಗಬಹುದು. ಎಲ್ಲಾದರೂ ಸಿಕ್ಕರೆ ತಿಳಿಸಿ.

ಲೆಕ್ಕ ಪಕ್ಕಾ

ನಮ್ಮ ಸಕಲೇಶಪುರದ ಮನೆಯಲ್ಲಿ ಕುಸಿಯದೆ ಉಳಿದ ಪಕ್ಕದ ಹಂಚೆಲ್ಲ ಇಳಿಸಿ, ತೊಳೆದು ಶೆಡ್ಡಿನಲ್ಲಿ ಜೋಡಿಸಿಟ್ಟಿದ್ದೇವೆ. ಆರು ನೂರರ ಮೇಲಿದೆ. ಮಾರಲು ಮನಸ್ಸು ಬಂದಿರಲಿಲ್ಲ. ಗಾಡಿ ತಗೊಂಡು ಬನ್ನಿ. ದುಡ್ಡು ಬೇಡ.

ಹಂಚಿನ ಹುಡುಗಿ

ಗಾಡಿ ಕಳಿಸುವ ಮೊದಲು ಹಿಂದಿನ ಅಚ್ಚು ನೋಡಿಕೊಳ್ಳಿ. ಒಂದೊಂದು ಕಾರ್ಖಾನೆಯ ಹಂಚಿನ ತೋಡು ಒಂದೊಂದು ಥರ. ಒಂದಕ್ಕೊಂದು ಕೂಡದಿದ್ದರೆ ಸೋರುತ್ತದೆ.

ಲೆಕ್ಕ ಪಕ್ಕಾ

ಈಗಲೇ ಅಲ್ಲಿಯವರಿಗೆ ಫೋನ್ ಮಾಡಿ ನೋಡಿಸಿದೆ. ನಮ್ಮದರಲ್ಲೂ 1865 ಅಂತಲೇ ಇದೆ.

ಭದ್ರೆ ದಂಡೆ

ಸರ್, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಶನಿವಾರ ಊರಿಗೆ ಹೋಗುತ್ತಿದ್ದೇನೆ. ಹೋಗುವಾಗ ಸಕಲೇಶಪುರದ ಮೇಲೆ ಬರುತ್ತೇನೆ, ನಮ್ಮದೊಂದು ಹಂಚು ಕಾರಿನಲ್ಲೇ ಇದೆ. ನಿಮ್ಮದರ ಜೊತೆ ಇಟ್ಟು ನೋಡೋಣ, ಕೂಡುತ್ತಾ ಅಂತ.